ಹಳ್ಳಿಮೈಸೂರಿನಿಂದ ವಾಪಸು ಬಂದ ಮೂರು ಲಕೋಟೆ

ನಿವೃತ್ತಿಯಾದ ಮೇಲೆ ನನಗೆ ಸಿಕ್ಕ ದೊಡ್ಡ ಸುಖವೆಂದರೆ ಬೆಳಿಗ್ಗೆ ಯಾರೂ ‘ಸಾ, ಒಂದ್ ಸೈನು’ ಎಂದು ಬಾಗಿಲಲ್ಲಿ ಬಂದು ನಿಲ್ಲದಿರುವುದು. ಎರಡನೆಯ ವಾರಕ್ಕೇ ಆ ಸುಖ ಬೇಜಾರಾಯಿತು. ಮೂರನೆಯ ವಾರ ನನ್ನ ಹಳೆಯ ವಿಭಾಗಕ್ಕೆ ಹೊಸದಾಗಿ ಸೇರಿದ ಇಬ್ಬರು ಮನೆಗೆ ಬಂದು, “ಈ ಕೆಲಸ ಅಂದ್ರೆ ನಿಜವಾಗಿ ಏನು ಸಾರ್?” ಎಂದು ಕೇಳಿದರು. ನೇಮಕಾತಿ ಪತ್ರದಲ್ಲಿ ಎರಡು ಪುಟ ಬರೆದುಕೊಟ್ಟಿದ್ದಾರಲ್ಲ ಎಂದೆ. ಅದನ್ನು ಓದಿದ ಮೇಲೇ ಈ ಅನುಮಾನ ಬಂದದ್ದು ಎಂದರು. ಹುಡುಗರು ಚುರುಕಾಗಿದ್ದಾರೆ. ಕಾಫಿ ಕುಡಿಸಿ, ಉತ್ತರ ಬರೆದು ಕಳಿಸುತ್ತೇನೆ ಎಂದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನಿದ್ದದ್ದು ಹಾಸನದ ಹೊರವಲಯದ ಒಂದು ಸಣ್ಣ ಖಾಸಗಿ ವಿಶ್ವವಿದ್ಯಾಲಯದಲ್ಲಿ. ಸಣ್ಣದು ಎಂದರೆ ನಿಜಕ್ಕೂ ಸಣ್ಣದು; ಕುಲಪತಿಗಳು ಕೆಮ್ಮಿದರೆ ಕ್ಯಾಂಟೀನಿನವನು ಬಿಸಿನೀರು ಇಡುತ್ತಿದ್ದ. ವಿಮಾನ ನಿಲ್ದಾಣಕ್ಕೆಂದು ಜಮೀನು ಬಿಟ್ಟುಕೊಟ್ಟ ಬೂವನಹಳ್ಳಿಯವರು ವರ್ಷಗಟ್ಟಲೆ ವಿಮಾನಕ್ಕೆ ಕಾದ ಹಾಗೆ ನಾವು ಮೂರಂತಸ್ತಿನ ಕಟ್ಟಡದಲ್ಲಿ ಲಿಫ್ಟಿಗೆ ಕಾದೆವು. ನನ್ನ ವಿಭಾಗಕ್ಕೆ ಮೊದಲು ‘ವಿದ್ಯಾರ್ಥಿ ಕ್ಷೇಮ’ ಎಂದು ಹೆಸರಿತ್ತು. ಆಮೇಲೆ ‘ಸ್ಟೂಡೆಂಟ್ ಸಪೋರ್ಟ್ ಸೆಲ್’ ಆಯಿತು, ಕೊನೆಗೆ ‘ಸ್ಟೂಡೆಂಟ್ ಸಕ್ಸಸ್ ಸೆಂಟರ್’. ಬೋರ್ಡು ಎರಡು ಸಲ ಬದಲಾಯಿತು, ನನ್ನ ಕುರ್ಚಿಯ ಮುರಿದ ಕೈ ಹಾಗೇ ಇತ್ತು. ವಿದ್ಯಾರ್ಥಿಗಳು ಮಾತ್ರ ಮೊದಲಿನಿಂದ ಕೊನೆಯವರೆಗೆ ‘ಸರ್ಟಿಫಿಕೇಟ್ ರೂಮು’ ಎಂದೇ ಕರೆದರು.

ನಮ್ಮ ಕುಲಸಚಿವರ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಅವರಿಲ್ಲದೆ ಈ ಕಥೆ ನಡೆಯುವುದಿಲ್ಲ. ಕಾಗದದ ಮನುಷ್ಯ. ಫೈಲಿನಲ್ಲಿ ಇಲ್ಲದ್ದು ಜಗತ್ತಿನಲ್ಲೂ ಇಲ್ಲ ಎಂಬುದು ಅವರ ವೇದಾಂತ. ಒಮ್ಮೆ ಅವರ ಕೋಣೆಯಲ್ಲಿ ಫ್ಯಾನು ನಿಂತುಹೋಗಿ ಬೆವರು ಸುರಿಯುತ್ತಿದ್ದರೂ, ದೂರು ಬರಹದಲ್ಲಿ ಬಂದಿಲ್ಲವೆಂದು ರಿಪೇರಿಗೆ ಒಪ್ಪಲಿಲ್ಲ. ಕೊನೆಗೆ ತಮಗೆ ತಾವೇ ಒಂದು ದೂರು ಬರೆದುಕೊಂಡು, ಅದರ ಮೇಲೆ ‘ಪರಿಶೀಲಿಸಿ’ ಎಂದು ತಾವೇ ಷರಾ ಹಾಕಿದರು. ನಗಬೇಡಿ. ಕೆಟ್ಟ ಮನುಷ್ಯರಲ್ಲ. ಇಂಥವರ ಕೈಕೆಳಗೆ ಕೆಲಸ ಮಾಡುವುದರಲ್ಲಿ ಒಂದು ನೆಮ್ಮದಿಯೂ ಇದೆ: ಇವತ್ತು ಹೇಳಿದ್ದನ್ನು ನಾಳೆ ಇಲ್ಲ ಎನ್ನುವುದಿಲ್ಲ, ಏಕೆಂದರೆ ಬರೆದಿರುತ್ತಾರೆ.

ಹೊಸ ವಿದ್ಯಾರ್ಥಿಗಳ ಸ್ವಾಗತ ಕಾರ್ಯಕ್ರಮಕ್ಕೆ ಒಬ್ಬ ವಿದ್ಯಾರ್ಥಿಗೆ ಇಬ್ಬರು ಪೋಷಕರು ಎಂದು ಅವರು ಕುರ್ಚಿ ಲೆಕ್ಕ ಹಾಕಿದ್ದರು. ಅರಕಲಗೂಡಿನ ಕಡೆಯ ಒಬ್ಬ ಹುಡುಗಿಯ ಜೊತೆ ಹನ್ನೊಂದು ಜನ ಬಂದಿಳಿದರು. ತಂದೆ, ತಾಯಿ, ಇಬ್ಬರು ಸೋದರಮಾವಂದಿರು, ಅವರ ಹೆಂಡಿರು, ಬುತ್ತಿಯ ಚೀಲ ಹಿಡಿದ ಅಜ್ಜಿ, ಹೀಗೆ. ಕೊನೆಯಲ್ಲಿ ಬಿಳಿ ಅಂಗಿಯ ಒಬ್ಬರು ಗಂಭೀರವಾಗಿ ನಿಂತಿದ್ದರು. ಇವರು ಏನಾಗಬೇಕು ಎಂದು ಕೇಳಿದೆ. ಹುಡುಗಿಯ ತಂದೆ ಹೇಳಿದರು: “ಏನೂ ಆಗ್ಬೇಕಿಲ್ಲ ಸಾ, ಪಕ್ಕದ್ಮನೆಯವ್ರು. ಇವ್ರು ಎರಡ್ಸಲ ಡಿಗ್ರಿ ಫೇಲಾಗವ್ರೆ. ಅನುಭವ ಐತೆ ಅಂತ ಕರ್ಕಂಬಂದೊ.”

ನಿಜ ಹೇಳುತ್ತೇನೆ, ಅಂದು ನಾವು ಮಾಡಿಸಿದ ಭಾಷಣಗಳಿಗಿಂತ ಆ ಅನುಭವಸ್ಥರು ಕೇಳಿದ ಪ್ರಶ್ನೆಗಳೇ ಚೆನ್ನಾಗಿದ್ದವು. ಒಂದು ಪೇಪರ್ ಹೋದರೆ ಅದನ್ನು ಮತ್ತೆ ಯಾವಾಗ ಬರೆಯಬಹುದು, ಶುಲ್ಕ ಯಾವ ದಿನದೊಳಗೆ ಕಟ್ಟಬೇಕು, ಮೇಷ್ಟ್ರು ಸಿಗದಿದ್ದರೆ ಯಾರನ್ನು ಹಿಡಿಯಬೇಕು. ಫೇಲಾದವನಿಗೆ ಗೊತ್ತಿರುವಷ್ಟು ನಿಯಮ ರ‍್ಯಾಂಕ್ ಬಂದವನಿಗೆ ಗೊತ್ತಿರುವುದಿಲ್ಲ. ಮುಂದಿನ ವರ್ಷದಿಂದ ನಾನೂ ಅದೇ ಪ್ರಶ್ನೆಗಳನ್ನು ಇಟ್ಟುಕೊಂಡು ಅರ್ಧ ಗಂಟೆ ಮಾತಾಡತೊಡಗಿದೆ.

ನನ್ನ ಪೆದ್ದುತನಗಳಿಗೂ ಕೊರತೆಯಿರಲಿಲ್ಲ. ವಿದ್ಯಾರ್ಥಿಗಳು ಹೆಸರು ಹೇಳದೆ ಕಷ್ಟ ತೋಡಿಕೊಳ್ಳಲಿ ಎಂದು ಒಂದು ಸಲಹಾ ಪೆಟ್ಟಿಗೆ ಮಾಡಿಸಿ ನನ್ನ ಕಿಟಕಿಯ ಎದುರಿಗೇ ಮೊಳೆ ಹೊಡೆಸಿದೆ. ಅರ್ಧ ವರ್ಷ ಕಳೆದು ತೆಗೆದರೆ ಒಳಗೆ ಎರಡು ಬಸ್ ಟಿಕೆಟ್, ನನ್ನ ಹೆಸರಿಗೇ ಬರೆದ ಒಂದು ಮದುವೆ ಕರೆಯೋಲೆ, ಮತ್ತೆ ಒಂದು ಚೀಟಿ: ‘ನೀವು ನೋಡ್ತಾ ಕೂತಿದ್ರೆ ಯಾರು ಹಾಕ್ತಾರೆ?’ ಪೆಟ್ಟಿಗೆಯನ್ನು ಕುಡಿಯುವ ನೀರಿನ ನಲ್ಲಿಯ ಪಕ್ಕಕ್ಕೆ ಸಾಗಿಸಿದೆ. ಒಂದೇ ವಾರದಲ್ಲಿ ತುಂಬಿತು.

ಇಂಗ್ಲಿಷ್ ತರಗತಿಯದೂ ಇದೇ ಪಾಡು. ಕನ್ನಡ ಮಾಧ್ಯಮದಿಂದ ಬಂದವರಿಗೆ ಸಹಾಯವಾಗಲೆಂದು ಊಟದ ವಿರಾಮದಲ್ಲಿ ಒಂದು ತರಗತಿ ಏರ್ಪಡಿಸಿ, ‘ಇಂಗ್ಲಿಷಿನಲ್ಲಿ ಹಿಂದುಳಿದವರಿಗೆ’ ಎಂದು ನೋಟಿಸು ಹಾಕಿದೆ. ಒಂದು ನರಪಿಳ್ಳೆಯೂ ಬರಲಿಲ್ಲ. ನಾಲ್ಕು ಮಂದಿ ಎದುರು ನಾನು ಹಿಂದುಳಿದವನು ಎಂದು ಎದ್ದುಹೋಗಲು ಯಾರಿಗೆ ಮನಸ್ಸು ಬರುತ್ತದೆ? ನೋಟಿಸು ಹರಿದು ‘ಬ್ಯಾಂಕ್ ಪರೀಕ್ಷೆಗೆ ಇಂಗ್ಲಿಷ್’ ಎಂದು ಬರೆಸಿದೆ. ಅದೇ ಮೇಡಂ, ಅದೇ ಪುಸ್ತಕ, ಅದೇ ಕೋಣೆ. ಬೆಂಚು ಸಾಲದೆ ಕಿಟಕಿಯ ಮೇಲೆ ಕೂತರು.

ಹಾಜರಿಯ ವಿಧಾನಗಳು ನನ್ನ ಕಣ್ಣೆದುರೇ ಮೂರು ಅವತಾರ ಎತ್ತಿದವು. ಮೊದಲು ರಿಜಿಸ್ಟರು. ಆಮೇಲೆ ಬೆರಳು ಒತ್ತುವ ಯಂತ್ರ. ಚನ್ನರಾಯಪಟ್ಟಣದ ಕಡೆಯ ಹುಡುಗರು ಭಾನುವಾರ ತೋಟದಲ್ಲಿ ತೆಂಗಿನಕಾಯಿ ಸುಲಿದು ಬಂದರೆ ಸೋಮವಾರ ಯಂತ್ರ ಅವರನ್ನು ಗುರುತಿಸುತ್ತಿರಲಿಲ್ಲ. “ಕೈ ತೊಳ್ಕೊಂಡು ಬಾರಪ್ಪ” ಎಂದರೆ, “ಚರ್ಮ್ವೇ ಓಗೈತೆ ಸಾ, ಏನ್ ತೊಳೀಲಿ?” ಎನ್ನುತ್ತಿದ್ದರು. ಮೂರನೆಯದು, ಗೈರುಹಾಜರಾದ ತಕ್ಷಣ ಪೋಷಕರ ಮೊಬೈಲಿಗೆ ಸಂದೇಶ ಹೋಗುವ ವ್ಯವಸ್ಥೆ. ಇದು ಬಂದಾಗ ನಾವೆಲ್ಲ ಬೀಗಿದೆವು.

ಒಂದು ತಿಂಗಳಾದ ಮೇಲೆ ಹೊಳೆನರಸೀಪುರದಿಂದ ಒಬ್ಬ ತರುಣ ಬೈಕಿನಲ್ಲಿ ಬಂದ. ಹೆಸರು ನಂದೀಶ, ಅಲ್ಲಿ ಸೈಬರ್ ಸೆಂಟರ್ ಇಟ್ಟಿದ್ದಾನೆ. ಕೂರಲೂ ಇಲ್ಲ. “ಸಾರ್, ನಂಗೆ ಇನ್ನೂ ಮದ್ವೆ ಆಗಿಲ್ಲ. ನಿಮ್ ಕಾಲೇಜಿನ ಲೆಕ್ಕದಲ್ಲಿ ಮೂವತ್ತೇಳು ಮಕ್ಳು ನಂಗೆ. ದಿನಾ ಒಂದಲ್ಲಾ ಒಂದು ಚಕ್ಕರ್ ಹೊಡೀತದೆ. ಹೆಣ್ ನೋಡಕ್ ಹೋದಾಗ್ಲೂ ಫೋನಿಗೆ ಬತ್ತದೆ, ‘ನಿಮ್ಮ ಮಗಳು ಇಂದು ಬಂದಿಲ್ಲ’ ಅಂತ!”

ಆಗಿದ್ದಿಷ್ಟೆ. ಪ್ರವೇಶದ ಅರ್ಜಿಯನ್ನು ಮಕ್ಕಳು ಅವನ ಅಂಗಡಿಯಲ್ಲೇ ತುಂಬಿಸುತ್ತಿದ್ದರು. ತುಂಬುವಾಗ ಮೊಬೈಲಿಗೆ ಒಂದು ಗುಪ್ತಸಂಖ್ಯೆ ಬರುತ್ತದಲ್ಲ, ಅದಕ್ಕಾಗಿ ಊರಿನಲ್ಲಿರುವ ತಂದೆತಾಯಿಗೆ ಫೋನು ಮಾಡುತ್ತ ಕೂರುವುದೆಲ್ಲಿ ಎಂದು ಅವನು ಎಲ್ಲದಕ್ಕೂ ತನ್ನ ನಂಬರನ್ನೇ ಹಾಕಿದ್ದ. ಕುಲಸಚಿವರು ಸಂದೇಶದ ವ್ಯವಸ್ಥೆಯನ್ನು ಅಲ್ಲಿಗೇ ನಿಲ್ಲಿಸಿದರು. ಇನ್ನು ಮುಂದೆ ಹಾಜರಿ ಕಡಿಮೆಯಾದವರ ಮನೆಗೆ ರಿಜಿಸ್ಟರ್ಡ್ ಅಂಚೆಯಲ್ಲಿ, ಸ್ವೀಕೃತಿ ಚೀಟಿ ಸಮೇತ, ಮೂರು ಪತ್ರ. ಮೂರಕ್ಕೂ ಉತ್ತರ ಬರದಿದ್ದರೆ ಹೆಸರು ಪರೀಕ್ಷೆಗೆ ಅನರ್ಹರ ಪಟ್ಟಿಗೆ ಎಂದು ಆದೇಶ ಮಾಡಿದರು. ಕಾಗದಕ್ಕೆ ಮರಳಿದ ಸಂತೋಷ ಅವರ ಮುಖದಲ್ಲಿ ಕಾಣುತ್ತಿತ್ತು.

ಆ ಪಟ್ಟಿಗೆ ಸೇರುವುದರಲ್ಲಿದ್ದವಳು ಚಂದನಾ, ಬಿ.ಕಾಂ. ಎರಡನೆಯ ವರ್ಷ. ಊರು ಹಳ್ಳಿಮೈಸೂರಿನ ಹತ್ತಿರ. ಓದಿನಲ್ಲಿ ಮುಂದೂ ಅಲ್ಲ, ಹಿಂದೂ ಅಲ್ಲ, ತಕರಾರಿಲ್ಲದ ಹುಡುಗಿ. ಇದ್ದಕ್ಕಿದ್ದಂತೆ ಆರು ವಾರ ಬರಲಿಲ್ಲ. ತಂದೆ ಲಾರಿ ಚಾಲಕ, ಊರಲ್ಲಿರುವುದೇ ಅಪರೂಪವೆಂದು ಅರ್ಜಿಯಲ್ಲಿ ಪೋಷಕರ ಜಾಗಕ್ಕೆ ತಾತ ಕಾಳೇಗೌಡರ ಹೆಸರಿತ್ತು. ಅವರ ಹೆಸರಿಗೆ ಮೂರು ಪತ್ರ ಹೋದವು. ಮೂರೂ ‘ತೆಗೆದುಕೊಳ್ಳಲು ನಿರಾಕರಿಸಿದ್ದಾರೆ’ ಎಂಬ ಷರಾ ಹೊತ್ತು ವಾಪಸು ಬಂದವು. ನನಗೆ ಸಿಟ್ಟು ಬಂತು. ಮೊಮ್ಮಗಳ ಕಾಗದವನ್ನು ಕೈಯಲ್ಲೂ ಮುಟ್ಟದವರು ಎಂಥ ಹಿರಿಯರು ಎಂದುಕೊಂಡು ಫೈಲಿನಲ್ಲಿ ಬರೆದೆ: ‘ಪೋಷಕರಿಗೆ ವಿದ್ಯಾರ್ಥಿನಿಯ ವಿದ್ಯಾಭ್ಯಾಸದಲ್ಲಿ ಆಸಕ್ತಿ ಇರುವುದಿಲ್ಲ.’ ಬರೆದು ಕೆಳಗೆ ಒಂದು ಗೆರೆಯನ್ನೂ ಎಳೆದೆ. ಇಷ್ಟು ವರ್ಷದ ಕೆಲಸದಲ್ಲಿ ನಾನು ಬರೆದ ಅತ್ಯಂತ ಕೆಟ್ಟ ವಾಕ್ಯ ಅದು.

ಪಟ್ಟಿ ಅಂತಿಮವಾಗಲು ನಾಲ್ಕು ದಿನವಿರುವಾಗ ಚಂದನಾ ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ಸೊರಗಿದ್ದಳು. ಎಡ ಮುಂಗೈಯಲ್ಲಿ ಸುಟ್ಟ ಗಾಯದ ಗುರುತಿತ್ತು.

“ಎಲ್ಲಿ ಹೋಗಿದ್ದೆಮ್ಮ ಇಷ್ಟು ದಿನ?”

“ಮನೇಲಿ ತೊಂದ್ರೆ ಇತ್ತು ಸಾ.”

“ಏನು ತೊಂದರೆ?”

ಅವಳು ದುಪಟ್ಟಾ ಎಳೆದು ಮುಂಗೈ ಮುಚ್ಚಿಕೊಂಡಳು.

“ಹೋಗಲಿ, ನಿಮ್ಮ ತಾತ ಮೂರು ಕಾಗದ ವಾಪಸು ಕಳಿಸಿದ್ದಾರಲ್ಲ, ಯಾಕೆ?”

“ಯಾವ್ ಕಾಗ್ದ ಸಾ?”

ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ನಮ್ಮ ಅಟೆಂಡರ್ ಜವರಪ್ಪ, ಮೊಸಳೆ ಎಂಬ ಊರಿನವನು, ನನ್ನ ವಯಸ್ಸಿನವನೇ, ಅಷ್ಟರಲ್ಲಿ ನಗತೊಡಗಿದ.

“ಏನ್ ನಗು ಜವರಪ್ಪ?”

“ಅಲ್ಲಾ ಸಾ, ರಿಜಿಸ್ಟ್ರು ಕಾಗ್ದಾನ ಹಳ್ಳೀಲಿ ಯಾರ್ ಸಾ ಇಸ್ಕಂತಾರೆ? ಈವಮ್ಮನ ಮನೇಲಿ ಜಮೀನ್ ಕೇಸು ಐತಾ ಕೇಳಿ.”

ಚಂದನಾ ತಲೆಯಾಡಿಸಿದಳು. “ಐತೆ ಸಾ, ತಾತಂಗೂ ಚಿಕ್ಕ್‌ತಾತಂಗೂ, ನಾನು ಹುಟ್ಟಕ್ ಮುಂಚಿಂದ.”

ಜವರಪ್ಪ ನನಗೆ ಪಾಠ ಮಾಡಿದ. ಅಣ್ಣತಮ್ಮಂದಿರ ಪಾಲಿನ ಜಗಳವಿಲ್ಲದ ಊರಿಲ್ಲ. ಸಹಿ ಹಾಕಿಸಿಕೊಂಡು ಕೊಡುವ ಲಕೋಟೆ ಎಂದರೆ ಇನ್ನೊಂದು ಪಾರ್ಟಿಯ ವಕೀಲರದು ಅಥವಾ ಕೋರ್ಟಿನದು. ತೆಗೆದುಕೊಂಡರೆ ಕೇಸು ತಲೆಗೆ ಬಂತು, ತೆಗೆದುಕೊಳ್ಳದಿದ್ದರೆ ಅಷ್ಟು ದಿನ ಬಚಾವು. ಕಾನೂನು ಹಾಗೆ ಹೇಳುವುದಿಲ್ಲ ಮಾರಾಯ ಎಂದೆ. “ಕಾನೂನ್ ಏನಾರ ಯೋಳ್ಲಿ ಸಾ. ನಮ್ಮಪ್ಪ ಇಂಗೇ ಒಂದ್ ಲಕೋಟೆ ಎರಡ್ಸಲ ವಾಪಸ್ ಕಳ್ಸಿದ್ದ. ಆಮೇಲ್ ನೋಡುದ್ರೆ ಅದು ನಂಗೆ ಬಂದಿದ್ದ ಸರ್ಕಾರಿ ಕೆಲ್ಸದ ಆರ್ಡ್ರು. ಅದ್ಕೇ ಇಲ್ಲಿ ನಿಮ್ ಬಾಗ್ಲು ಕಾಯ್ಕಂಡ್ ಕೂತಿವ್ನಿ.”

ಹೇಳಿ ಮತ್ತೆ ನಕ್ಕ. ನನಗೆ ನಗು ಬರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಇದೇ ಜಿಲ್ಲೆಯಲ್ಲಿ. ನಮ್ಮ ಮನೆಯಲ್ಲೂ ಪಾಲಿನ ಕೇಸಿತ್ತು, ನಮ್ಮ ತಂದೆಯೂ ಅಂಚೆಯವನನ್ನು ಕಂಡರೆ ಕೊಟ್ಟಿಗೆಗೆ ಹೋಗುತ್ತಿದ್ದರು. ಆಫೀಸಿನ ಕುರ್ಚಿ ಒಂದು ವಿಚಿತ್ರ. ಕೂತ ಮೇಲೆ ನಮ್ಮ ಮನೆಯೇ ನಮಗೆ ಮರೆತುಹೋಗುತ್ತದೆ.

ಮಾರನೆಯ ದಿನ ಜವರಪ್ಪನನ್ನು ಕರೆದುಕೊಂಡು ಬಸ್ಸು ಹತ್ತಿದೆ. ಕಾಳೇಗೌಡರು ಜಗಲಿಯ ಮೇಲೆ ಕೂತು ಹುರುಳಿ ಹಸನು ಮಾಡುತ್ತಿದ್ದರು. ನನ್ನ ಇಸ್ತ್ರಿ ಅಂಗಿ, ಕಂಕುಳ ಫೈಲು ನೋಡಿದ್ದೇ ತಡ, ಮೊರ ಕೆಳಗಿಟ್ಟು ಒಳಗೆ ನಡೆದುಬಿಟ್ಟರು. ಹಿತ್ತಲ ಬಾಗಿಲು ಸದ್ದಾಯಿತು. ಕೋರ್ಟಿನ ನೋಟಿಸು ತರುವ ಅಮೀನ ಬಂದನೆಂದು ತಿಳಿದಿದ್ದರು.

“ಗೌಡ್ರೇ, ನಾವು ಅಮೀನ್ರಲ್ಲ, ಕಾಲೇಜ್ನೋರು ಕಣ್ರೀ! ಬನ್ನಿ ಈಚೆಗೆ!” ಎಂದು ಜವರಪ್ಪ ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ಹಿತ್ತಲಿನಿಂದ ಸುತ್ತಿಕೊಂಡು ಬಂದವರು ದೂರದಲ್ಲೇ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಕಾಲೇಜ್ನೋರಾದ್ರೆ ಫೈಲ್ ಯಾಕೆ?”

ಒಳ್ಳೆಯ ಪ್ರಶ್ನೆ. ಫೈಲನ್ನು ಜವರಪ್ಪನ ಕೈಗೆ ಕೊಟ್ಟೆ. ಆಮೇಲೆ ಅವರು ಹತ್ತಿರ ಬಂದು ಕೂತರು. ಮೂರು ಲಕೋಟೆ ತೋರಿಸಿ, ಒಂದನ್ನು ಒಡೆದು ಓದಿ ಹೇಳಿದೆ. ಕೇಳುತ್ತ ಕೇಳುತ್ತ ಅವರ ಮುಖ ಸಣ್ಣದಾಯಿತು.

“ಇದಾ ಸಾ ಇದ್ರೊಳ್ಗೆ ಇದ್ದಿದ್ದು? ನಮ್ ಮಗೀನ ಕಾಗ್ದವಾ?” ಎಂದರು. “ರಜಾ ಬರ್ಕೊಟ್ಟು ಬಂದಿವ್ನಿ ತಾತ ಅಂದ್ಲಲ್ಲಾ.”

ಒಳಗಿನಿಂದ ಚಂದನಾಳ ತಾಯಿ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದರು. ಆಗ ವಿಷಯ ಹೊರಬಿತ್ತು. ಆಕೆ ಊರ ಶಾಲೆಯಲ್ಲಿ ಬಿಸಿಯೂಟದ ಅಡಿಗೆಯವರು. ಗರ್ಭಕೋಶದ ಆಪರೇಷನ್ ಆಗಿತ್ತು. ತಿಂಗಳುಗಟ್ಟಲೆ ಹೋಗದಿದ್ದರೆ ಆ ಕೆಲಸಕ್ಕೆ ಬೇರೆಯವರು ಕಾದು ಕೂತಿದ್ದರು. ಆರು ವಾರ ತಾಯಿಯ ಬದಲಿಗೆ ಚಂದನಾ ಅಷ್ಟೂ ಮಕ್ಕಳಿಗೆ ಅನ್ನ ಸಾರು ಬೇಯಿಸಿದ್ದಳು. ಹಾಗೆ ಬದಲಿ ಹೋಗುವಂತಿಲ್ಲ. ಮೇಷ್ಟ್ರು ಕಂಡೂ ಕಾಣದ ಹಾಗಿದ್ದರು. ಕಾಲೇಜಿನಲ್ಲಿ ಕಾರಣ ಬರೆದುಕೊಟ್ಟರೆ ಅದು ಎಲ್ಲಿಂದೆಲ್ಲಿಗೆ ಹೋಗುತ್ತದೋ ಎಂಬ ಭಯಕ್ಕೆ ಹುಡುಗಿ ರಜೆ ಅರ್ಜಿಯನ್ನೇ ಕೊಟ್ಟಿರಲಿಲ್ಲ.

ಬಸ್ಸಿನವರೆಗೆ ಕಳಿಸಲು ಬಂದ ಚಂದನಾ ದಾರಿಯಲ್ಲಿ ಹೇಳಿದಳು: “ಸಾ, ನಂಗೊಂದ್ ವರ್ಷ ಹೋದ್ರೂ ಹೋಗ್ಲಿ. ಅಮ್ಮನ ಕೆಲ್ಸದ್ ವಿಷ್ಯ ಮಾತ್ರ ಬರೀಬೇಡಿ.”

ಬರೆಯುವುದಿಲ್ಲ ಕಣಮ್ಮ ಎಂದೆ. ಆದರೆ ಕಾರಣ ಬರೆಯದೆ ಕುಲಸಚಿವರನ್ನು ದಾಟುವುದು ಹೇಗೆ ಎಂದು ಹಾಸನದವರೆಗೂ ಯೋಚಿಸಿದೆ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತೀತು. ಮುಂದಿನ ವರ್ಷದಿಂದ ನಾನು ಪೋಷಕರಿಗೆ ಬರೀ ಅಂಚೆ ಕಾರ್ಡು ಬರೆಸಿದೆ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ನಾಲ್ಕೇ ಸಾಲು. ಕಾರ್ಡಿಗೆ ಯಾರೂ ಹೆದರುವುದಿಲ್ಲ. ಅಂಚೆಯವನು ಓದುತ್ತಾನೆ, ಅಂಗಡಿಯವನು ಓದುತ್ತಾನೆ, ತಲುಪುವ ಮೊದಲೇ ಸುದ್ದಿ ತಲುಪಿರುತ್ತದೆ. ಹಾಗೆಂದು ಮನೆಯ ಗುಟ್ಟನ್ನು ಕಾರ್ಡಿನಲ್ಲಿ ಬರೆಯಬೇಡಿ. ‘ಒಮ್ಮೆ ಬಂದು ಹೋಗಿ, ಗಾಬರಿ ಬೇಡ’ ಎಂದರೆ ಸಾಕು. ‘ಗಾಬರಿ ಬೇಡ’ ಎಂಬುದನ್ನು ಮರೆಯದೆ ಬರೆಯಿರಿ. ಮತ್ತೆ, ವಾಪಸು ಬಂದ ಕಾಗದದ ಮೇಲೆ ಏನಾದರೂ ತೀರ್ಮಾನ ಬರೆಯುವ ಮೊದಲು ಒಂದು ಸಲ ಬಸ್ಸು ಹತ್ತಿ.

ಅನರ್ಹರ ಪಟ್ಟಿಯನ್ನು ಅಂತಿಮಗೊಳಿಸುವ ಸಮಿತಿ ಸೇರಿದ ದಿನ ಕುಲಸಚಿವರು ಚಂದನಾಳ ಫೈಲು ತೆರೆದು ನನ್ನ ವಾಕ್ಯವನ್ನು ಗಟ್ಟಿಯಾಗಿ ಓದಿದರು. “ಪೋಷಕರಿಗೆ ಆಸಕ್ತಿ ಇಲ್ಲ ಅಂತ ನೀವೇ ಬರೆದಿದ್ದೀರಿ. ಇವತ್ತು ನೀವೇ ವಕಾಲತ್ತು ಹಾಕ್ತಿದ್ದೀರಿ. ಯಾವುದು ಸರಿ?”

“ಬರೆದದ್ದು ತಪ್ಪು ಸರ್.”

“ತಪ್ಪು ಅಂತ ಫೈಲಲ್ಲಿ ಎಲ್ಲಿದೆ?”

ಐದು ಮಂದಿ ಪ್ರಾಧ್ಯಾಪಕರ ಎದುರು ಪೆನ್ನು ತೆಗೆದು ಆ ವಾಕ್ಯದ ಕೆಳಗೆ ಬರೆದೆ: ‘ಮೇಲಿನ ಅಭಿಪ್ರಾಯವನ್ನು ವಿಚಾರಿಸದೆ ಬರೆದಿದ್ದೇನೆ. ಅದು ಸುಳ್ಳು.’ ಸಹಿ ಹಾಕಿದೆ. ತಾಯಿಯ ಆಪರೇಷನ್, ಮನೆಯಲ್ಲಿ ಇನ್ನೊಬ್ಬ ಹೆಂಗಸಿಲ್ಲ ಎಂದು ಹೇಳಿ ಆಸ್ಪತ್ರೆಯ ಚೀಟಿ ಲಗತ್ತಿಸಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಉಳಿದದ್ದನ್ನು ಯಾರೂ ಕೇಳಲಿಲ್ಲ. ಕುಲಸಚಿವರು ನನ್ನ ಸಾಲನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು. “ಇಂಥದ್ದನ್ನ ಫೈಲಲ್ಲಿ ನೋಡಿದ್ದು ಇದೇ ಮೊದಲು,” ಎಂದರು. ಆಮೇಲೆ ನಿಯಮ ಹೇಳಿದರು: ಪೋಷಕರೇ ಖುದ್ದಾಗಿ ಬಂದು, ಇನ್ನು ಮುಂದೆ ಹೀಗಾಗುವುದಿಲ್ಲವೆಂಬ ಮುಚ್ಚಳಿಕೆ ಪತ್ರಕ್ಕೆ ಸಹಿ ಹಾಕಬೇಕು, ಇವತ್ತೇ, ನಾಲ್ಕು ಗಂಟೆಯೊಳಗೆ. ಇಲ್ಲದಿದ್ದರೆ ಹೆಸರು ಪಟ್ಟಿಯಲ್ಲೇ ಉಳಿಯುತ್ತದೆ.

ಕಾಳೇಗೌಡರು ಬೆಳಿಗ್ಗೆಯೇ ಬಂದು ಚಂದನಾಳ ಜೊತೆ ನನ್ನ ಕೋಣೆಯಲ್ಲಿ ಕೂತಿದ್ದರು. ಒಗೆದ ಪಂಚೆ, ಹೆಗಲ ಮೇಲೆ ಟವೆಲು. ಮುಚ್ಚಳಿಕೆ ಎಂಬ ಮಾತು ಕೇಳಿದ್ದೇ ಅವರ ಬೆನ್ನು ನೆಟ್ಟಗಾಯಿತು.

“ನಮ್ಮ್ ಲಾಯರ್ ಒಂದ್ಸಲ ನೋಡ್ಬುಡ್ಲಿ ಸಾ. ನಾನು ಓದ್ದೆ ಒಂದ್ಸಲ ಸೈನ್ ಹಾಕ್ಬುಟ್ಟೆ, ನನ್ ತಮ್ಮ ಮಡಗ್ದ ಕಾಗ್ದಕ್ಕೆ. ಅದ್ಕೇ ಇಪ್ಪತ್ ವರ್ಷದಿಂದ ಕೋರ್ಟಿಗ್ ಅಲೀತಿವ್ನಿ. ಅವತ್ತಿಂದ ಯಾವ್ ಕಾಗ್ದಕ್ಕೂ ಅವ್ರು ನೋಡ್ದೆ ಕೈ ಹಾಕಿಲ್ಲ. ರೇಷನ್ ಕಾರ್ಡ್ ಅರ್ಜಿಗೂ ಹಾಕಿಲ್ಲ.”

ಹೊಳೆನರಸೀಪುರದ ವಕೀಲರಿಗೆ ಫೋನು ಮಾಡಿದೆವು. ಎತ್ತಲಿಲ್ಲ. ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಿದೆವು. ಕೋರ್ಟಿನಲ್ಲಿದ್ದರು. ಮೂರೂಕಾಲು ಆಯಿತು. ಪತ್ರ ಎರಡು ಪುಟ, ಪೂರ್ತಿ ಇಂಗ್ಲಿಷಿನಲ್ಲಿ, ಕೆಳಗೆ ವಿಶ್ವವಿದ್ಯಾಲಯದ ದುಂಡು ಮೊಹರು. ನೋಡಲು ಥೇಟ್ ಕೋರ್ಟು ಕಾಗದದ ಹಾಗೇ ಇತ್ತು. ಚಂದನಾ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ತಾತನಿಗೆ ಸಹಿ ಹಾಕು ಎಂದು ಅವಳು ಹೇಳಲಿಲ್ಲ. ನನಗೂ ಹೇಳುವ ಧೈರ್ಯವಾಗಲಿಲ್ಲ.

ಮೂರೂವರೆಗೆ ಗೌಡರು ಕೇಳಿದರು: “ಮಗಾ, ಇದಾದ್ರೆ ಪರೀಕ್ಷೆಗ್ ಬುಡ್ತಾರಾ?”

“ಬುಡ್ತಾರೆ ತಾತ.”

ನಾನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡೆ. “ಗೌಡ್ರೆ, ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳ್ತೀನಿ. ನಿಧಾನವಾಗಿ ಕೇಳಿ. ಮನಸ್ಸಿಗೆ ಬಂದರೆ ಮಾತ್ರ ಹಾಕಿ,” ಎಂದು ಕನ್ನಡಕ ಹಾಕಿಕೊಂಡು ಮೊದಲ ಸಾಲಿಗೆ ಬೆರಳಿಟ್ಟೆ.

ಅವರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು.

“ಓದ್ಬೇಡಿ ಸಾ. ಎಲ್ಲಿ ಹಾಕ್ಬೇಕು, ಅದ್ ತೋರ್ಸಿ.”